ಹನ್ನೊಂದು ಮೆಟ್ಟಿಲು

ಮೆಟ್ಟಿಲು ಮಾಡಿದವನು ನಾನೇ.
ಬ್ಯೂನಸ್ ಐರಿಸ್, ಮೂರನೇ ನಂಬರಿನ ಸ್ಟುಡಿಯೋ,
ಪೈನ್ ಹಲಗೆಗೆ ಬೀಟೆಯ ಬಣ್ಣ ಬಳಿದು ಹನ್ನೊಂದು ಮೆಟ್ಟಿಲು.
ಹನ್ನೆರಡನೆಯದು ಕ್ಯಾಮೆರಾಕ್ಕೆ ಕಾಣುವುದಿಲ್ಲವೆಂದು
ಲೆಕ್ಕದವರು ಹೊಡೆದುಹಾಕಿದರು.
ಮೇಲೆ ಕೋಣೆಯಿಲ್ಲ, ಮಂಚವಿಲ್ಲ,
ಚಾಪೆಯಷ್ಟಗಲದ ಒಂದು ಅಟ್ಟಣೆ,
ಅದರ ಮೇಲೆ, ಕತ್ತಲಲ್ಲಿ, ಕೈ ಚಾಚಿಕೊಂಡು ನಾನು.

ರಾತ್ರಿ ಎಂಟೂವರೆಗೆ ಊರಿಗೆ ಊರೇ ನೋಡುತ್ತಿತ್ತು:
ಪಿಲಾರ್ ಎಂಬ ಏಳು ವರ್ಷದ ತಬ್ಬಲಿ
ಅಜ್ಜಿಗೆ ಮುತ್ತಿಟ್ಟು, ಮೆಟ್ಟಿಲೇರಿ, ಮಲಗಲು ಹೋಗುವುದನ್ನು.
ಹೋಗುತ್ತಿದ್ದದ್ದು ನನ್ನ ಕೈಗೆ.
ನೊಯೆಲಿಯಾ ಸುಬೆಲ್ದಿಯಾ, ಮೀನಿನ ಲಾರಿ ಓಡಿಸುವವನ ಮಗಳು,
ಉಸಿರಲ್ಲೇ ಕೇಳುವಳು: ‘ಹಿಡಿದೆಯಾ, ಆನ್ಸೆಲ್ಮೋ?’
ಹಿಡಿದೆ.
ಅವಳ ಬೆರಳಿಗೆ ಮೆಂಥಾಲಿನ ಘಾಟು,
ಅಳು ಬರಲೆಂದು ಕಣ್ಣಡಿ ಸವರಿದ್ದು.
ಆಮೇಲೆ ಕೆಳಗಿನವರು ‘ಕಟ್’ ಅನ್ನುವ ತನಕ
ಕಾಲು ಮಡಚಿ ಕೂತು
ಖೀಮಾ ತುಂಬಿದ ಒಂದೇ ಎಂಪನಾಡಾವನ್ನು ಪಾಲು ಮಾಡಿ ತಿನ್ನುತ್ತಿದ್ದೆವು.
ಮಡಚಿದ ಅಂಚನ್ನು ಅವಳು ಬಿಡುತ್ತಿದ್ದಳು.
ನನಗೆ ಅಂಚೇ ಇಷ್ಟ.

ಒಮ್ಮೆ ಊಟದ ದೃಶ್ಯದಲ್ಲಿ ಬ್ರೆಡ್ಡು ಕಚ್ಚಿದಳು,
ಮುಂದಿನ ಹಲ್ಲು ಬ್ರೆಡ್ಡಿನಲ್ಲೇ ಉಳಿಯಿತು.
ಹಿಗ್ಗಿ ನಕ್ಕಳು ಹುಡುಗಿ. ಬೇರೆ ಯಾರೂ ನಗಲಿಲ್ಲ:
ನಿನ್ನೆ ತೆಗೆದ ಅರ್ಧ ದೃಶ್ಯದಲ್ಲಿ ಆ ಹಲ್ಲಿತ್ತು.
ಕಂಟಿನ್ಯುಯಿಟಿಯ ಹೆಂಗಸು ಅದನ್ನೆತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ
ಮೇಲೆ ಬರೆದಳು: ದೃಶ್ಯ ನೂರ ಹದಿನಾಲ್ಕು.
ಗುರುವಾರಕ್ಕೆ ಸುಳ್ಳು ಹಲ್ಲು ಬಂತು, ನಿಜದ್ದಕ್ಕಿಂತ ಬಿಳಿ.

ಹಾಲುಹಲ್ಲು ದಿಂಬಿನಡಿ ಇಟ್ಟರೆ ನಮ್ಮಲ್ಲಿ
ರಾತ್ರಿ ಇಲಿ ಬಂದು ನಾಣ್ಯ ಇಟ್ಟುಹೋಗುತ್ತದೆ.
‘ಇಲಿಯನ್ನ ಗೇಟಿನಲ್ಲಿ ಒಳಗೆ ಬಿಡ್ತಾರಾ?’
‘ಪಾಸಿದ್ದರೆ ಬಿಡ್ತಾರೆ’ ಅಂದೆ.
ಮಾರನೆಯ ದಿನ ನನ್ನ ಮೊಳೆ ಡಬ್ಬಿಯಲ್ಲೊಂದು ಚೀಟಿ:
ಬಣ್ಣದ ಪೆನ್ಸಿಲಿನ ಇಲಿ, ಕೆಳಗೆ ಸಹಿ, ಮೊಹರು, ಎಲ್ಲ.

ನಾಲ್ಕು ವರ್ಷ ಪಿಲಾರ್‌ಗೆ ಏಳೇ ವರ್ಷ.
ಟೇಬಲ್ಲು ಎರಡು ಬೆರಳು ಎತ್ತರಿಸು ಅಂದರು, ಎತ್ತರಿಸಿದೆ.
ಕುರ್ಚಿ, ಕಿಟಕಿ, ಬಾಗಿಲ ಹಿಡಿ.
ಅಜ್ಜಿಯ ಚಪ್ಪಲಿಗೂ ಅಟ್ಟೆ ಕೊಟ್ಟೆ.
ಮಗು ಬೆಳೆದದ್ದು ಕಾಣಬಾರದೆಂದು
ಮನೆಯನ್ನೇ ಬೆಳೆಸುತ್ತ ಹೋದೆ.
ಮೆಟ್ಟಿಲನ್ನು ಮಾತ್ರ ಏನೂ ಮಾಡಲಾಗಲಿಲ್ಲ.
ಎರಡೆರಡು ದಾಟಿ ಬರತೊಡಗಿದ್ದಳು.

ಕೊನೆಗೆ ಕಾಗದದಲ್ಲಿ ಒಂದೇ ಸಾಲು:
ಪಿಲಾರ್ ಹೋಂವರ್ಕ್ ಮಾಡಲು ಮೇಲೆ ಹೋಗುತ್ತಾಳೆ.
ವಿದಾಯವಿಲ್ಲ, ಕಾಯಿಲೆಯಿಲ್ಲ, ದೂರದ ಚಿಕ್ಕಮ್ಮನ ಮನೆಯೂ ಇಲ್ಲ.
ಬಂದಳು. ಹಿಡಿದೆ.
ಆ ಸಂಜೆ ಎಂಪನಾಡಾ ಇಡಿಯಾಗಿ ಅವಳ ಕೈಗಿಟ್ಟೆ.
ಅದನ್ನು ನೋಡಿದಳು, ನನ್ನ ಮುಖ ನೋಡಿದಳು,
ತಿನ್ನಲಿಲ್ಲ.

ಧಾರಾವಾಹಿ ಮತ್ತೆರಡು ವರ್ಷ ನಡೆಯಿತು.
ಅಜ್ಜಿ ಒಮ್ಮೆಯೂ ಮೇಲಕ್ಕೆ ಮುಖ ಮಾಡಿ
ಊಟಕ್ಕೆ ಬಾರೇ ಅಂತ ಕರೆಯಲಿಲ್ಲ.
ಕಡೆಗೆ ಮೊಳೆ ಕಿತ್ತವನೂ ನಾನೇ.
ಹಲಗೆ ಸೌದೆಗೆ ಹೋಯಿತು.

ಅವಳ ಸುದ್ದಿ ಚೂರುಪಾರು ಬರುತ್ತಿತ್ತು:
ಒಂದು ಮೊಸರಿನ ಜಾಹೀರಾತು;
ಆಮೇಲೆ ಎತ್ತರ ಜಾಸ್ತಿಯಾಯಿತು ಅಂದರಂತೆ,
ಆಮೇಲೆ, ಈ ಮುಖ ಎಲ್ಲರಿಗೂ ಗೊತ್ತು ಅಂದರಂತೆ,
ಆಮೇಲೆ, ಯಾರು ನೀನು.

ಹೋದ ಚಳಿಗಾಲ ಮಾರ್ ದೆಲ್ ಪ್ಲಾತಾದ ಬಸ್ ನಿಲ್ದಾಣದಲ್ಲಿ
ಟಿಕೆಟ್ಟಿನ ಕಿಂಡಿಯಾಚೆ ಕೂತಿದ್ದಳು.
ನನ್ನ ಮುಂದಿದ್ದವನು ‘ಒಂದ್ಸಲ ಅತ್ತು ತೋರಿಸಮ್ಮಾ’ ಅಂದ.
ಚಿಲ್ಲರೆ ಎಣಿಸಿ ಕೊಟ್ಟಳು.
ನನ್ನ ಸರದಿ ಬಂತು. ಕಿಂಡಿಯಲ್ಲಿ ಕೈಯಿಟ್ಟೆ.
ಕೈ ನೋಡಿಯೇ ಗುರುತು ಹಿಡಿದಳು.

‘ಮಧ್ಯಾಹ್ನ ಹಳೆಯದನ್ನೆಲ್ಲ ಮತ್ತೆ ಹಾಕ್ತಿದ್ದಾರೆ, ಮಗಳು ನೋಡ್ತಾಳೆ.
ಮೇಲೆ ಹೋದವಳು ಅಲ್ಲೇನಮ್ಮಾ ಮಾಡ್ತಿದ್ದಾಳೆ ಅಂತ ಪ್ರಾಣ ತಿಂತಾಳೆ.’
‘ಏನಂದೆ?’
‘ತಿಂತಿದ್ದಾಳೆ ಅಂದೆ.
ಅಂಚು ಬಿಟ್ಟು.’