ಕೆಂಪಾಯ್ತಾ

ಜನವರಿಯ ಕೊನೆ. ಕಾಲೊನಿಯ ರಸ್ತೆಯಲ್ಲೇ
ಟಾರ್ಪಾಲು ಹಾಸಿ ಯಾರೋ ಕಾಫಿ ಒಣಗಿಸಿದ್ದರು.
ಕುರೊಸೆ ಅದನ್ನು ಸುತ್ತಿ ಬಂದು, ಬೂಟು ಕಳಚಿ,
ಮೂತಿ ಹೊರಗೆ ತಿರುಗಿಸಿಟ್ಟು, ನಮ್ಮ ಜಗಲಿಯಲ್ಲಿ ಮಂಡಿಯೂರಿ ಕೂತರು.
ಕ್ಯೂರಿಂಗ್ ವರ್ಕ್ಸಿನಲ್ಲಿ ನಾನು ಒಂದೊಂದೇ ಲೋಟ ಹೀರಿ ಉಗುಳುವುದನ್ನು
ಮೂರು ದಿನ ನೋಡಿದ್ದವರು,
ರುಚಿ ಕಲಿತ ಮನೆ ನೋಡಬೇಕೆಂದಿದ್ದರು.
ಆ ಮನೆ ಇಲ್ಲ ಎಂದು ಹೇಳಲಾಗದೆ ಇಲ್ಲಿಗೇ ಕರೆತಂದಿದ್ದೆ.

ಚೀಲದಿಂದ ಬಂತು ಒಂದು ಕೊಳವೆ, ಟಾರ್ಚಿನಷ್ಟು ಉದ್ದ.
ಅಡಿಯಿಂದ ಒತ್ತಿದರು. ಮೇಲೆದ್ದಿತು
ಕಂದೋ ನೇರಳೆಯೋ, ಹೊಳೆಯುವ ಒಂದು ದಿಂಡು.
ಅವ್ವ ಚೂರಿಗೆಂದು ಎದ್ದರೆ ಬೇಡವೆಂದರು. ಅಂಚಿನಲ್ಲಿದ್ದ ದಾರವನ್ನು
ಹಸುಗೂಸಿಗೆ ಉಡಿದಾರ ಕಟ್ಟುವ ಹಾಗೆ ಸುತ್ತಿ ಎಳೆದರು.
ಬಿಲ್ಲೆಯೊಂದು ಸದ್ದಿಲ್ಲದೆ ಅವ್ವನ ಅಂಗೈಗೆ.

"ಯೋಕಾನ್" ಎಂದ ದುಭಾಷಿ ಅಶೀರ,
ಸುಂಟಿಕೊಪ್ಪದವನೇ, ಫೋನು ನೋಡಿ ಜಪಾನಿ ಕಲಿತವನು.
"ಕೆಂಪು ಕಾಳು, ಸಕ್ಕರೆ, ಸಮುದ್ರದ ಪಾಚಿ.
ಇವರಮ್ಮ ಮಾರ್ತಿದ್ರಂತೆ. ಅಂಗಡಿ ಈಗ
ಕಾರು ನಿಲ್ಲಿಸೋ ಜಾಗ."

ಅವ್ವ ಮೂಸಿದಳು. ಬೆಳಕಿಗೆ ಹಿಡಿದಳು.
ನಾಲಗೆಯ ತುದಿಯಲ್ಲಿಟ್ಟು, ಕಣ್ಣು ಕಿರಿದು ಮಾಡಿ ಕೇಳಿದಳು:
"ನಾಳೆ ಬೆಳಗ್ಗೆ ಕೆಂಪಾಗ್ತದಾ?"

ಅಶೀರ ನನ್ನ ಮುಖ ನೋಡಿದ.
ನಾನು ಕಂಬದ ಮೇಲಿನ ಕಾಗೆ ನೋಡಿದೆ.

ಆಟಿ ತಿಂಗಳ ಹದಿನೆಂಟು.
ಹಿತ್ತಲ ಮದ್ದು ಸೊಪ್ಪಿಗೆ ಅಂದು ಹದಿನೆಂಟು ಮದ್ದು ಇಳಿಯುತ್ತಿತ್ತು;
ಹದಿನೇಳರಂದು ಅದು ಎಮ್ಮೆಯೂ ಮೂಸದ ಗಿಡ.
ಬೆಂದ ನೀರು ರಾತ್ರಿಯ ಬಣ್ಣಕ್ಕೆ ತಿರುಗಿ
ಅಕ್ಕಿತರಿ, ಬೆಲ್ಲ, ಕಾಯಿತುರಿಯೊಡನೆ ಕೊತಕೊತ ಗಟ್ಟಿಯಾಗಿ
ಹರಿವಾಣದಲ್ಲಿ ತಣಿಯುವಾಗ
ಅಪ್ಪ ಕೋವಿ ಒರೆಸುವಷ್ಟು ಶ್ರದ್ಧೆಯಿಂದ ಚೂರಿ ಒರೆಸಿ ಗೆರೆ ಎಳೆಯುತ್ತಿದ್ದರು.
ಆದರೂ ನಡುವಿನ ತುಂಡೇ ದೊಡ್ಡದು,
ಅದು ಯಾವತ್ತೂ ತಮ್ಮ ಜೋಯಪ್ಪನದು.
ನನಗೆ ಜೇನು ಒಂದು ಚಮಚ ಹೆಚ್ಚು.

ಮರುದಿನ ನಸುಕಿಗೆ ಗೊರಗ ಹೊದ್ದು, ಜಿಗಣೆ ಲೆಕ್ಕಿಸದೆ
ಅವನು ಕಾಫಿ ಬುಡದಲ್ಲಿ ನಿಂತು ಇಡೀ ಗುಡ್ಡಕ್ಕೆ ಕೇಳುವಂತೆ:
"ಅವ್ವಾ, ಕೆಂಪಾಯ್ತು!"
ಒಲೆಯ ಮುಂದಿನಿಂದ ಅವಳು: "ಹಿಡೀತು ಮದ್ದು. ಬಾ ಒಳಗೆ."
ಒಂದು ವರ್ಷ ಅವನಿಗೆ ಕೆಂಪಾಗಲಿಲ್ಲ. ಮನೆಯೆಲ್ಲ ಗಾಬರಿ.
ಪಾಲನ್ನು ನಾಯಿಗೆ ಹಾಕಿದ್ದ, ನನಗೊಬ್ಬಳಿಗೇ ಗೊತ್ತು.
ಆ ನಾಯಿ ಕಾಲೆತ್ತುವುದನ್ನು ಕಾಯುತ್ತ
ಇಬ್ಬರೂ ಅರ್ಧ ದಿನ ಅಲೆದೆವು.

ಮದ್ದು ತಿಂದ ಎರಡು ವಾರಕ್ಕೆ, ಆ ಆಗಸ್ಟಿನಲ್ಲಿ
ಮಾದಾಪುರದಾಚೆ ನಮ್ಮ ಗುಡ್ಡ ಕಾಲು ಜಾರಿತು.
ಮನೆ, ಹಿತ್ತಲು. ಹಸುವಿನ ಹಗ್ಗ ಬಿಚ್ಚಲು ಹಿಂದಿರುಗಿದ ಜೋಯಪ್ಪ.
ಅಪ್ಪ ಮೊದಲೇ ಹೋಗಿದ್ದರು, ಪುಣ್ಯ ಎಂದಳು ಅವ್ವ.
ಈ ಎಪ್ಪತ್ತನಾಲ್ಕನೇ ನಂಬರಿನ ಹಿಂದೆ
ಒಂದು ಚರಂಡಿ, ಒಂದು ಪಪ್ಪಾಯಿ.

ಅಶೀರ ಏನು ಹೇಳಿದನೋ,
ಕುರೊಸೆ ತಲೆಯಾಡಿಸಿ, ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.
ಮರುದಿನ ವಿಮಾನ ನಿಲ್ದಾಣದಿಂದ ಸಂದೇಶ:
"ಕ್ಷಮಿಸಿ. ಎರಡು ಬಾರಿ ನೋಡಿದೆ. ಕೆಂಪಾಗಿಲ್ಲ."
ಅವ್ವ ನಕ್ಕಳು, ಸೆರಗು ಬಾಯಿಗೊತ್ತಿ, ಕೆಮ್ಮು ಬರುವವರೆಗೆ.
ಆಮೇಲೆ, "ಪಾಪ. ಸಿಹಿ ಚೆನ್ನಾಗಿತ್ತು. ಮದ್ದಿರಲಿಲ್ಲ, ಅಷ್ಟೆ."

ಈ ಆಟಿಗೆ ಸಂತೆಯಿಂದ ಕಟ್ಟು ಸೊಪ್ಪು ತಂದೆ.
"ದುಡ್ಡು ಕೊಟ್ಟ ಸೊಪ್ಪಿಗೆ ಹದಿನೆಂಟೆಲ್ಲಿ, ಹೆಚ್ಚೆಂದರೆ ಹನ್ನೊಂದು"
ಗೊಣಗುತ್ತಲೇ ಬೇಯಿಸಿದಳು.
ಸ್ಟೀಲ್ ತಟ್ಟೆಯಲ್ಲಿ ತಣಿದ ಮೇಲೆ
ಚೂರಿ ಬಿಟ್ಟು, ಹೂ ಕಟ್ಟುವ ದಾರ ತಂದಳು.
ಸೊಟ್ಟಸೊಟ್ಟ ಬಂತು.
ನಡುವಿನ ತುಂಡು ನನ್ನ ಕಡೆ ತಳ್ಳಿದಳು.
ತಿಂದೆ.

ಬೆಳಗ್ಗೆ ಐದೂವರೆ. ಬಿಳಿ ಕಮೋಡಿನ ಮುಂದೆ
ನಲವತ್ತೆಂಟರ ನಾನು, ಬಗ್ಗಿ ನೋಡಿದೆ.
ಗೋಡೆ ತೆಳು, ಪಕ್ಕದ ಮನೆಗೆ ಕೇಳುತ್ತದೆ.
ಕೇಳಲಿ.
"ಅವ್ವಾ!"
ಕುಕ್ಕರಿನ ಸದ್ದಿನೊಳಗಿಂದ ತಡವಿಲ್ಲದೆ ಬಂತು:
"ಹಿಡೀತು ಮದ್ದು. ಬಾ ಒಳಗೆ."

ಒಳಗೇ ಇದ್ದ ನಾನು
ಫ್ಲಷ್ ಒತ್ತಲು ಮನಸ್ಸಾಗದೆ
ಸ್ವಲ್ಪ ಹೊತ್ತು ನಿಂತೇ ಇದ್ದೆ.