ಸವರಿಮುತ್ತುವಿನ ಬೂಟು

ಆಸ್ಟಿನ್ ಟೌನ್ ಮೈದಾನದ ಕೆಮ್ಮಣ್ಣು
ಸವರಿಮುತ್ತುವಿನ ಹಿಮ್ಮಡಿಯಿಂದ
ತೊಳೆದರೂ ಹೋಗುತ್ತಿರಲಿಲ್ಲ.
ತಿಂಗಳಿಗೆ ಎಂಬತ್ತು ರೂಪಾಯಿ, ಮೇಲೊಂದು ಜೊತೆ ಬೂಟು
ಕ್ಲಬ್ಬಿನವರು ಕೊಟ್ಟರು.
ಬೂಟು ಮೊಳೆಗೆ ನೇತುಹಾಕಿದ:
"ಚೆಂಡೂ ಚರ್ಮ, ಕಾಲೂ ಚರ್ಮ,
ನಡುವೆ ದಲ್ಲಾಳಿ ಯಾಕೋ?"

ಅರವತ್ತೆರಡರಲ್ಲಿ ಹಲಸೂರಿನ ಸ್ಯಾಪರ್ಸ್‌ನವರು
ಆ ಕಾಲಿಗೆ ಕ್ಯಾನ್ವಾಸು ಕಟ್ಟಿ
ಹಿಮಕ್ಕೆ ಕಳಿಸಿದರು.
ಒಂದೇ ಕಾಗದ ಬಂತು:
"ಬೆರಳು ಹತ್ತೂ ಇವೆಯಾ ಅಂತ
ದಿನಾ ಎಣಿಸ್ತೀನಿ.
ಲೀಗು ಯಾರು ಗೆದ್ರು?"

ಸೋತಿದ್ದೆವು. ಗೆದ್ದೆವು ಅಂತ ಬರೆದೆ.
ಲಕೋಟೆ ಒಡೆಯದೆ ವಾಪಸು ಬಂತು.

ಅವರಮ್ಮ ಬೂಟು ನನಗೇ ಕೊಟ್ಟರು.
ನನ್ನದು ಒಂಬತ್ತು. ಅವನದು ಆರು.

ಗೋಲಿಯಾಗಿದ್ದವನು ನಾನು;
ಇವತ್ತಿಗೂ ಮಕ್ಕಳು ಪೆನಾಲ್ಟಿಗೆ ಚೆಂಡಿಟ್ಟರೆ
ಕಲ್ಲುಬೆಂಚಿನ ಮೇಲೆ ಕೂತಲ್ಲೇ
ಮೈ ಎಡಕ್ಕೆ ವಾಲುತ್ತದೆ,
ಅವನ ಮೂಲೆಗೆ.