ತಿಜೋರಿ ಕೋಣೆ

ಮೇನ್ ಸ್ಟ್ರೀಟಿನ ಮೂಲೆಯ ಆ ಕಲ್ಲುಕಟ್ಟಡಕ್ಕೆ
ಯಾರೇ ಬಾಡಿಗೆಗೆ ಬರಲಿ, ಮೊದಲು ಕೇಳುವುದು ಅದೇ:
ಈ ತಿಜೋರಿಯನ್ನು ಏನು ಮಾಡುವುದು?

ಆನೆಯಂಥ ಬಾಗಿಲು.
ಕೀಳಹೋದರೆ ಗೋಡೆಯೂ ಜೊತೆಗೆ ಬಂದೀತು.
ಬ್ಯಾಂಕು ಮುಳುಗಿದ ವರ್ಷ ಮ್ಯಾನೇಜರ್ ಥಾರ್ವಾಲ್ಡ್
ಬೀಗದ ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡೇ
ಒಮಾಹಾದ ರೈಲು ಹತ್ತಿದನಂತೆ.
ಅಂದಿನಿಂದ ತೆರೆದೇ ಇದೆ,
ಸಂದಿಗೊಂದು ಇಟ್ಟಿಗೆ.

ವೊಂಡ್ರಾಚೆಕ್ ಅಲ್ಲಿ ಉಪ್ಪು ಸವರಿದ ಹಂದಿತೊಡೆ ತೂಗುಹಾಕಿದ.
ಮಳೆ ಬಂದರೆ ಈಗಲೂ ವಾಸನೆ ಏಳುತ್ತದೆ ಅನ್ನುತ್ತಾರೆ,
ನನ್ನ ಮೂಗಿಗಂತೂ ತಾಗಿಲ್ಲ.
ಆಮೇಲೆ ಬಂದವನದು ಬೂಟಿನಂಗಡಿ.
ಎಡಗಾಲಿನವು ತಿಜೋರಿಯಲ್ಲಿ, ಬಲಗಾಲಿನವು ಕಿಟಕಿಯಲ್ಲಿ;
ಒಂಟಿ ಬೂಟು ಕದ್ದು ಯಾವ ಕಳ್ಳ ಉದ್ಧಾರವಾದಾನು?

ಕೊನೆಗೆ ನನ್ನಮ್ಮ, ವೆಲ್ಡಾ,
ನಾಲ್ಕು ಕುರ್ಚಿ, ಎರಡು ಡ್ರೈಯರ್, ಒಂದು ದೊಡ್ಡ ಕನ್ನಡಿ.
ಕನ್ನಡಿಯ ಮುಂದೆ ಆಡಲಾಗದ ಮಾತಿಗೆ
ಹೆಂಗಸರು ತಲೆಗೆ ಟವೆಲ್ ಸುತ್ತಿಕೊಂಡೇ
ತಿಜೋರಿಯೊಳಗೆ ಹೋಗುತ್ತಿದ್ದರು, ಅಮ್ಮನೂ ಹಿಂದೆಯೇ.
ಹೊರಬರುವಾಗ ಕಣ್ಣು ಕೆಂಪು. ಮಾತು ಮಾತ್ರ
ಒಂದೂ ಆಚೆ ಬರಲಿಲ್ಲ, ಅಮ್ಮ ಸಾಯುವವರೆಗೆ.
ನಮ್ಮೂರಲ್ಲಿ ಮುಳುಗದ ಬ್ಯಾಂಕು ಅದೊಂದೇ.

ಈಗ ಎರ್ಮೆಲಿಂಡಾಳ ಲಾಂಡ್ರಿ.
ಎಂಟು ಯಂತ್ರ ಗಿರಗಿರ, ಗೋಡೆಗೆಲ್ಲ ನಡುಕ.
ತಿಜೋರಿಯಲ್ಲಿ ಜೋಡಿ ತಪ್ಪಿದ ಕಾಲುಚೀಲಗಳು,
ಹೆಸರು ಹೊಲಿದ ಕಾರ್ಖಾನೆಯ ಅಂಗಿಗಳು,
ಮೂರು ವರ್ಷದಿಂದ ಒಂದು ಮದುವೆಯ ಉಡುಪು.
ಬಿಸಾಡಬಾರದೇ, ಅಂದೆ.
"ಬಂದರೂ ಬಂದಾರು," ಅಂದಳು,
ಚೀಟಿಯ ಮೇಲೆ ತಾರೀಖು ಬರೆಯುತ್ತ.

ರಾತ್ರಿಪಾಳಿಗೆ ಹೋದ ಯಾರದೋ ಮಗು
ಆ ಬಟ್ಟೆಗಂಟಿನ ಮೇಲೆ ಬಾಯಿ ತೆರೆದು ಮಲಗಿತ್ತು.
ನಾನು ಇಟ್ಟಿಗೆಯನ್ನು
ಕಾಲಿನಿಂದ ಇನ್ನೊಂದಿಷ್ಟು ಒಳಕ್ಕೆ ಒತ್ತಿದೆ.